ಕೆಳಗಿಟ್ಟ ಸೀಮೆಸುಣ್ಣ

ಅಸೆನ್ ಮಿಲ್ಕೊವ್ ಕರಿಹಲಗೆಯ ಎಡಮೂಲೆಯಲ್ಲಿ ಸಣ್ಣದಾಗಿ, ಸೊಟ್ಟಸೊಟ್ಟಾಗಿ ‘ಶ್ರೀ’ ಎಂದು ಬರೆದ. ಮೂರನೆಯ ಸಾಲಿನಲ್ಲಿ ಕುಳಿತಿದ್ದ ಸಿದ್ದೇಶ್ವರಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

"ಇದೇನು, ಯಾರಿಗಾದರೂ ಗೊತ್ತೇ?" ಕೈಗಂಟಿದ ಪುಡಿಯನ್ನು ಕೋಟಿಗೆ ಒರೆಸಿಕೊಳ್ಳುತ್ತ ಅವನು ಸಭೆಯತ್ತ ತಿರುಗಿದ. ಅಮೆರಿಕದಲ್ಲಿ ನಾಲ್ಕಾರು ವರ್ಷ ಪಾಠ ಹೇಳಿದ್ದರೂ ಅವನ ಇಂಗ್ಲಿಷಿನ ಒರಟುತನ ಹೋಗಿರಲಿಲ್ಲ. "ಭಾರತದ ಹಳೆಯ ಗುರುತು. ಒಳ್ಳೆಯ ಕೆಲಸಕ್ಕೆ ಕೈಹಾಕುವ ಮೊದಲು ಬರೆಯುತ್ತಾರೆ. ಸೋಫಿಯಾದಲ್ಲಿ ನನ್ನ ಪ್ರತಿಯೊಂದು ಚುನಾವಣಾ ಭಾಷಣವೂ ಇದರಿಂದಲೇ ಶುರು. ವಿರೋಧಿಗಳು ಇದನ್ನು ಮಾಟ ಅನ್ನುತ್ತಾರೆ."

ಸಭೆ ನಕ್ಕಿತು. ವಾಷಿಂಗ್ಟನ್ನಿನ ಒಂದು ವಿಶ್ವವಿದ್ಯಾಲಯದ ಹಳೆಯ ಉಪನ್ಯಾಸದ ಕೊಠಡಿ ಅದು. ತೊಂಬತ್ತೇಳರ ನವೆಂಬರಿನ ಒಂದು ಶನಿವಾರದ ಬೆಳಿಗ್ಗೆ. ಮೆಟ್ಟಿಲುಮೆಟ್ಟಿಲಾಗಿ ಏರಿದ ಬೆಂಚುಗಳ ತುಂಬ ರಾಯಭಾರ ಕಚೇರಿಯವರು, ಪತ್ರಿಕೆಯವರು, ಬಲ್ಗೇರಿಯ ಬಿಟ್ಟು ಬಂದು ಇಲ್ಲಿ ಬೇರುಬಿಟ್ಟ ಸಂಸಾರಗಳು. ತಮ್ಮ ರಾಜಧಾನಿ ಸೋಫಿಯಾದ ಪಾರ್ಲಿಮೆಂಟಿನಲ್ಲೂ ಕರಿಹಲಗೆ ತರಿಸಿ ಭಾಷಣ ಮಾಡುತ್ತಾನಂತೆ ಎಂದು ಹೆಸರಾದ ಗಣಿತಜ್ಞನನ್ನು ಕಣ್ಣಾರೆ ನೋಡಲು ಬಂದಿದ್ದರು.

"ಅದು ನಿನ್ನ ಹ್ಯಾಬಿಟ್ ಅಲ್ವಾ?" ಪಕ್ಕದಲ್ಲಿದ್ದ ಗಂಡ ರವಿಕಿರಣ್ ಪಿಸುಗುಟ್ಟಿದ. "ಸೆಮಿನಾರಲ್ಲಿ ಬೋರ್ಡ್ ಮೇಲೆ ಬರೀತಿದ್ದೆ ಅಂತಿದ್ಯಲ್ಲ."

"ಹೌದು. ಅದನ್ನೂ ಬಿಡಲಿಲ್ಲ ನೋಡ್ರಿ. ಎತ್ಕೊಂಡ ಹೋಗ್ಯಾನ."

ಗಜೇಂದ್ರಗಡದ ಕನ್ನಡ ಶಾಲೆಯಲ್ಲಿ ದಾನಪ್ಪ ಮಾಸ್ತರರು ಪಾಟಿಯ ಮೂಲೆಗೆ ಶ್ರೀ ಹಾಕದೆ ಲೆಕ್ಕ ಶುರುಮಾಡಿದವರ ಕಿವಿ ಹಿಂಡುತ್ತಿದ್ದರು. ಆ ರೂಢಿ ಸಿದ್ದೇಶ್ವರಿಯ ಕೈಗೆ ಅಂಟಿಕೊಂಡು, ಧಾರವಾಡದ ಕಾಲೇಜು ದಾಟಿ, ಸಮುದ್ರ ದಾಟಿ, ನಾರ್ತ್ ಕೆರೊಲಿನಾದವರೆಗೆ ಬಂದಿತ್ತು. ಪಿಎಚ್‌ಡಿ ಮಾಡಲು ಬಂದ ಮೊದಲ ವರ್ಷ, ಸೆಮಿನಾರಿನಲ್ಲಿ ಹಲಗೆಯ ಮುಂದೆ ನಿಂತಾಗ ಕೈ ತಾನಾಗಿಯೇ ಮೂಲೆಗೆ ಹೋಗಿ ಅದನ್ನು ಬರೆದಿತ್ತು. "ಇದು ಯಾವ ಸ್ಥಿರಾಂಕ?" ಎಂದು ಗೈಡ್ ಮಿಲ್ಕೊವ್ ಕೇಳಿದ್ದ. "ಸ್ಥಿರಾಂಕ ಅಲ್ಲ ಸರ್, ಶುರುಮಾಡುವ ಕ್ರಮ" ಎಂದು ಅವಳು ನಾಚಿಕೊಂಡು ಹೇಳಿದ್ದಳು. ಅವನಿಗೆ ಅದು ಬಹಳ ಹಿಡಿಸಿತ್ತು. ಈಗ ನೋಡಿದರೆ ವೋಟು ಕೇಳಲು ಬಳಸುತ್ತಿದ್ದಾನೆ.

ಮಿಲ್ಕೊವನ ಗುರುವಾರದ ಸೆಮಿನಾರಿಗೆ ಒಂದೇ ಒಂದು ನಿಯಮವಿತ್ತು. ಹಲಗೆಯ ಮುಂದೆ ನಿಂತವರು ಎಷ್ಟೇ ದೊಡ್ಡವರಿರಲಿ, ಕುಳಿತವರಲ್ಲಿ ಯಾರಿಗಾದರೂ ಒಂದು ಹೆಜ್ಜೆ ಒಪ್ಪಿಗೆಯಾಗದಿದ್ದರೆ ‘ಸ್ಟಾಪ್’ ಎನ್ನಬಹುದು. ಎಂದ ಕೂಡಲೇ ನಿಂತವರು ಸೀಮೆಸುಣ್ಣವನ್ನು ಕೆಳಗಿಡಬೇಕು. ಆಕ್ಷೇಪಕ್ಕೆ ಉತ್ತರ ಕೊಟ್ಟ ಮೇಲೆಯೇ ಮತ್ತೆ ಅದನ್ನು ಮುಟ್ಟಬೇಕು. ಉತ್ತರವಿಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಬಂದು ಬೆಂಚಿನ ಮೇಲೆ ಕೂರಬೇಕು. ಸೀಮೆಸುಣ್ಣ ‘ಸ್ಟಾಪ್’ ಎಂದವರ ಪಾಲು. ತನ್ನ ಗುರುವಿನಿಂದ ಸೋಫಿಯಾದಲ್ಲಿ ಕಲಿತು ತಂದ ಈ ಪದ್ಧತಿಯನ್ನು ಅವನು ತಾನೂ ತಪ್ಪದೆ ಪಾಲಿಸುತ್ತಿದ್ದ. ಒಮ್ಮೆ ಆಗತಾನೇ ಸೇರಿದ ವಿದ್ಯಾರ್ಥಿಯೊಬ್ಬ ನಿಲ್ಲಿಸಿದ್ದಕ್ಕೆ ಇಡೀ ಮಧ್ಯಾಹ್ನ ಬೆಂಚಿನ ಮೇಲೆ ಕುಳಿತು ಉಗುರು ಕಚ್ಚಿದ್ದ. ಅಂಥ ಮನುಷ್ಯನೆಂದೇ ಸಿದ್ದೇಶ್ವರಿ ಅವನನ್ನು ತಲೆಯ ಮೇಲೆ ಹೊತ್ತುಕೊಂಡಿದ್ದಳು.

ಆದರೆ ಅವನಿಗೆ ಅವಳು ಒಮ್ಮೆಯೂ ‘ಸ್ಟಾಪ್’ ಎಂದವಳಲ್ಲ. ಜೊತೆಯ ಹುಡುಗರಿಗೆ ಮುಲಾಜಿಲ್ಲದೆ ಅನ್ನುತ್ತಿದ್ದಳು. ಗುರುವಿಗೆ ಅನ್ನುವುದೆಂದರೆ? ಗುರುವಿಗೇ ತಿರುಮಂತ್ರ ಹಾಕಲು ಅವಳಿಗೆ ಯಾರೂ ಕಲಿಸಿರಲಿಲ್ಲ.

ಎಂಬತ್ತೊಂಬತ್ತರ ನವೆಂಬರಿನಲ್ಲಿ ಅವನ ದೇಶದ ಹಳೆಯ ಸರ್ಕಾರ ಬಿತ್ತು. ಅಂದಿನಿಂದ ಅವನ ಮೇಜಿನ ಮೇಲೆ ಪುಸ್ತಕ ಹೋಗಿ ರೇಡಿಯೋ ಬಂತು. ವಸಂತ ಬರುವಷ್ಟರಲ್ಲಿ ತಾನೂ ಚುನಾವಣೆಗೆ ನಿಲ್ಲುತ್ತೇನೆ, ಒಂದು ಬೇಸಿಗೆಯಷ್ಟೇ, ಮತ್ತೆ ಬಂದುಬಿಡುತ್ತೇನೆ ಎಂದ. ಕೊನೆಯ ಗುರುವಾರ ಸೆಮಿನಾರಿಗೆ ಬಂದವರು ಅವನ ಊರಿನ ಇಬ್ಬರು ಗೆಳೆಯರು ಮತ್ತು ಸಿದ್ದೇಶ್ವರಿ. ಆ ಇಬ್ಬರೂ ಅವನ ಜೊತೆಗೇ ಹೊರಟವರು. ಅವರ ಸೂಟ್‌ಕೇಸುಗಳು ಬಾಗಿಲ ಬಳಿಯೇ ಇದ್ದವು. ಹತ್ತಿರದ ರಾಲಿ ಊರಿನ ಹೆಣ್ಣುಮಕ್ಕಳ ಕಾಲೇಜಿನಿಂದ ವಾರವಾರವೂ ಬರುತ್ತಿದ್ದ ಗಣಿತದ ಪ್ರೊಫೆಸರ್ ಹ್ಯಾರಿಯೆಟ್ ಕೋಲ್ಮನ್ ಆವತ್ತು ಬಂದಿರಲಿಲ್ಲ. ತಾಯಿಯ ಮಣ್ಣಿಗೆ ಸೌತ್ ಕೆರೊಲಿನಾಕ್ಕೆ ಹೋಗಿದ್ದರು.

ದೊಡ್ಡ ಪ್ರಮೇಯಕ್ಕೆ ಊರುಗೋಲಾಗುವ ಸಣ್ಣ ಪ್ರಮೇಯವನ್ನು ಗಣಿತದವರು ಲೆಮ್ಮಾ ಅನ್ನುತ್ತಾರೆ. ಸಿದ್ದೇಶ್ವರಿಯ ಥೀಸಿಸ್ ನಿಂತದ್ದೇ ಮೂರನೆಯ ಲೆಮ್ಮಾದ ಮೇಲೆ. ಅದು ಅವಳಿಗೆ ದಕ್ಕಿರಲಿಲ್ಲ. ಮಿಲ್ಕೊವ್ ಆ ದಿನ ಅವಸರವಸರವಾಗಿ ಅದನ್ನು ಹಲಗೆಯ ಮೇಲೆ ಬರೆದು, ಅರ್ಧಕ್ಕೆ ಬಂದು, "ಉಳಿದದ್ದು ಸುಲಭ" ಎಂದು ಕೈಕೊಡವಿದ. ನಾಲ್ಕನೆಯ ಸಾಲಿನಲ್ಲಿ ಅವನ ಕಾಲು ಜಾರಿದಂತೆ ಅವಳಿಗೆ ಕಂಡಿತು. ಬಾಯಿ ತೆರೆದಳು. ಅವನ ಮುಖ ಮದುಮಗನ ಮುಖದಂತೆ ಬೆಳಗುತ್ತಿತ್ತು. ಅವಳು ಬಾಯಿ ಮುಚ್ಚಿಕೊಂಡಳು.

ಮೊಗಸಾಲೆಯಲ್ಲಿ ಅವನು ಅವಳ ತಲೆ ಸವರಿ, "ಅದನ್ನು ನಿನ್ನದೆಂದೇ ಬರೆದುಕೋ. ನನ್ನ ಹೆಸರು ಬೇಡ. ಬೀಳ್ಕೊಡುಗೆಯ ಕಾಣಿಕೆ" ಎಂದ. ಅವಳು ಎರಡೂ ಕೈಯಲ್ಲಿ ಸ್ವೀಕರಿಸಿದಳು. ಗುರು ಕೊಟ್ಟ ಪ್ರಸಾದವನ್ನು ಯಾರಾದರೂ ಮೂಸಿ ನೋಡಿ ಬಾಯಿಗೆ ಹಾಕಿಕೊಳ್ಳುತ್ತಾರೆಯೇ?

ಅವನು ಗೆದ್ದ. ಬೇಸಿಗೆ ಮುಗಿದರೂ ಬರಲಿಲ್ಲ. ಬೇರೆ ಯಾರೋ ಸಹಿ ಹಾಕಿ ಅವಳ ಥೀಸಿಸ್ ಪಾಸಾಯಿತು, ಗಣಿತದ ಪತ್ರಿಕೆಯಲ್ಲಿ ಲೇಖನವಾಗಿ ಅಚ್ಚಾಯಿತು, ಅಟ್ಲಾಂಟಾದ ಹೊರಗಿನ ಒಂದು ಸಣ್ಣ ಕಾಲೇಜಿನಲ್ಲಿ ಕೆಲಸವೂ ಸಿಕ್ಕಿತು. ಎರಡು ವರ್ಷದ ಮೇಲೆ, ಪಾಠಕ್ಕೆಂದು ಆ ಮೂರನೆಯ ಲೆಮ್ಮಾವನ್ನು ಬಿಡಿಸಿ ಬರೆಯುತ್ತಿದ್ದಾಗ ಅವಳಿಗೆ ತಿಳಿಯಿತು. ನಾಲ್ಕನೆಯ ಸಾಲು ಬರೀ ಅಸ್ಪಷ್ಟವಲ್ಲ, ಸುಳ್ಳು. ಲೆಮ್ಮಾವನ್ನು ಧಿಕ್ಕರಿಸಿ ನಿಲ್ಲುವ ಒಂದು ವಕ್ರರೇಖೆಯನ್ನು ಅವಳೇ ಕಟ್ಟಿ ತೋರಿಸಿದಳು. ಯಾರೂ ಕೇಳದೆಯೇ ಪತ್ರಿಕೆಗೆ ಬರೆದು ತನ್ನ ಲೇಖನವನ್ನು ಹಿಂದಕ್ಕೆ ಪಡೆದಳು. ಪ್ರಾಮಾಣಿಕತೆಗೆ ಶಹಬ್ಬಾಸ್‌ಗಿರಿ ಸಿಗುತ್ತದೆಂದು ತಿಳಿದಿದ್ದಳೋ ಏನೋ, ಪಾಪ.

ಸಿಕ್ಕಿದ್ದು ಬೇರೆ. "ಮಿಲ್ಕೊವ್ ಇದ್ದಿದ್ದರೆ ಇಂಥ ತಪ್ಪನ್ನು ಒಳಗೆ ಬಿಡುತ್ತಿರಲಿಲ್ಲ" ಎಂದು ಗಣಿತದ ಊರಿಗೆ ಊರೇ ಮಾತಾಡಿಕೊಂಡಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕಾಲೇಜಿನವರು ಮುಂದಿನ ವರ್ಷಕ್ಕೆ ಕರೆಯಲಿಲ್ಲ. ಪದವಿ ಕಾಗದದ ಮೇಲೆ ಉಳಿಯಿತು, ಮಾನ ಉಳಿಯಲಿಲ್ಲ. ಅವಳು ಸೋಫಿಯಾಕ್ಕೆ ಮೇಲಿಂದ ಮೇಲೆ ಬರೆದಳು: ಸರ್, ಲೆಮ್ಮಾ ನಿಮ್ಮದೆಂದು ಒಂದು ಮಾತು ಹೇಳಿ ಸಾಕು. ಕೊನೆಗೆ ಒಂದು ಚರ್ಚಿನ ಚಿತ್ರವಿದ್ದ ಕಾರ್ಡು ಬಂತು: ‘ಧೈರ್ಯವಾಗಿರು. ಗಣಿತ ಬಹಳ ದೊಡ್ಡದು.’ ಅದೇ ಸುಮಾರಿಗೆ ಅವನ ಚುನಾವಣೆಯ ಘೋಷವಾಕ್ಯ ಇಲ್ಲಿಯ ಪತ್ರಿಕೆಯೊಂದರಲ್ಲೂ ಬಂದಿತ್ತು: ‘ಸಾಧಿಸದ ಒಂದು ಹೆಜ್ಜೆಯನ್ನೂ ಇಡದ ಮನುಷ್ಯ.’ ಅದನ್ನು ಓದಿದ ದಿನ, ಅದುವರೆಗೆ ಸಿದ್ದೇಶ್ವರಿಯ ಬಾಯಲ್ಲಿ ‘ಅವರು’ ಆಗಿದ್ದವನು ‘ಅವನು’ ಆದ.

ಆಮೇಲೆ ರವಿಕಿರಣನ ಕೆಲಸ ಬದಲಾಗಿ ವರ್ಜೀನಿಯಾದ ಸ್ಟರ್ಲಿಂಗಿಗೆ ಬಂದರು. ವಾಷಿಂಗ್ಟನ್ನಿನ ಡಲ್ಲಸ್ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ಮನೆಯ ಹೆಂಚು ಸವರಿಕೊಂಡೇ ಹೋಗುತ್ತಿದ್ದವು. ಅವಳೂ ಒಂದು ಕಂಪನಿಗೆ ಸೇರಿದಳು. ಎರಡು ಸಾವಿರದ ಇಸವಿ ಬಂದಾಗ ಕಂಪ್ಯೂಟರುಗಳು ದಾರಿ ತಪ್ಪಬಾರದೆಂದು ಹಳೆಯ ಪ್ರೋಗ್ರಾಮುಗಳಲ್ಲಿ ಎರಡಂಕಿಯ ಇಸವಿಯನ್ನು ಹುಡುಕಿ ಹುಡುಕಿ ನಾಲ್ಕಂಕಿ ಮಾಡುವ ಕೆಲಸ. ಕೂಳಿಗೆ ಕಡಿಮೆಯಿರಲಿಲ್ಲ. ಆದರೆ ಸಂಜೆ ಮನೆಗೆ ಬಂದು ಕೈ ತೊಳೆಯುವಾಗ, ಬೆರಳಿನಲ್ಲಿ ಸುಣ್ಣದ ಪುಡಿ ಇಲ್ಲವಲ್ಲ ಎಂದು ಅವಳಿಗೆ ಅಳು ಬರುತ್ತಿತ್ತು. ಅತ್ತರೆ ಸಿಟ್ಟು ಬರುತ್ತಿತ್ತು.

ಕಳೆದ ತಿಂಗಳು ರಾಲಿಯಿಂದ ಕೋಲ್ಮನ್ ಫೋನ್ ಮಾಡಿದ್ದರು. ಅವರ ಕಾಲೇಜಿನಲ್ಲಿ ಗಣಿತ ಕಲಿಸಲು ಒಬ್ಬರು ಬೇಕಾಗಿದ್ದರು. "ನಾನು ನಿನ್ನನ್ನು ನಂಬುತ್ತೇನೆ. ಆದರೆ ಆ ಗುರುವಾರ ನಾನಿರಲಿಲ್ಲ, ಕಣ್ಣಾರೆ ಕಂಡೆನೆಂದು ಹೇಳಲಾರೆ. ಲೇಖನ ಹಿಂದಕ್ಕೆ ಪಡೆದವಳು ಯಾಕೆ ಎಂದು ನನ್ನ ಕಮಿಟಿ ಕೇಳುತ್ತದೆ. ಅವನು ವಾಷಿಂಗ್ಟನ್ನಿಗೆ ಬರುತ್ತಿದ್ದಾನೆ. ನಾನೂ ಬರುತ್ತೇನೆ. ನನ್ನ ಮುಂದೆ ಅವನು ಒಂದು ಮಾತು ಹೇಳಲಿ, ಉಳಿದದ್ದು ನನಗಿರಲಿ" ಎಂದಿದ್ದರು. ಈಗ ಅವರು ಮೊದಲ ಸಾಲಿನ ತುದಿಯಲ್ಲಿ, ಮಡಿಲಲ್ಲಿ ಕೋಟು ಇಟ್ಟುಕೊಂಡು, ಬೆನ್ನು ನೇರಮಾಡಿ ಕುಳಿತಿದ್ದರು.

ಬೆಳಿಗ್ಗೆ ಹೈವೇ ಮೇಲೆ ರವಿಕಿರಣ್ ಸ್ಟೀರಿಂಗಿನ ಮೇಲೆ ಬೆರಳು ಬಡಿಯುತ್ತ ಅವಳಿಗೆ ಬುದ್ಧಿ ಹೇಳಿದ್ದ. "ಹೋಗ್ಲಿ ಬಿಡು ಸಿದ್ದು. ಇಲ್ಲಿ ಜಾಬ್ ಚೆನ್ನಾಗಿದೆ, ಗ್ರೀನ್ ಕಾರ್ಡ್‌ಗೆ ಅಪ್ಲೈ ಮಾಡಿ ಆಗಿದೆ. ಅವನು ಬಿಗ್ ಶಾಟ್. ಎಲ್ಲರ ಮುಂದೆ ನಿನ್ನೇ ಫೂಲ್ ಮಾಡಿಬಿಟ್ರೆ?"

"ನೀವು ಹೋಗ್ಲಿ ಬಿಡು ಅನ್ನೂದನ್ನ ಮೊದಲ ಬಿಡ್ರಿ" ಎಂದಿದ್ದಳು ಅವಳು. "ಅಟ್ಲಾಂಟಾದಾಗ ಅಂದ್ರಿ, ಸ್ಟರ್ಲಿಂಗ್‌ನಾಗ ಅಂದ್ರಿ, ಈಗ ಕಾರಿನಾಗೂ ಅನ್ನಾಕತ್ತೀರಿ. ಅಡಿಕಿಗೆ ಹೋದ ಮಾನ ಆನಿ ಕೊಟ್ರೂ ಬರಂಗಿಲ್ಲ ಅಂತಾರ. ನಂದು ನನ್ನ ಅಡಿಕಿಗೂ ಹೋಗಿಲ್ಲ, ಮಂದಿ ಅಡಿಕಿಗೆ ಹೋಗೇತಿ."

ರವಿಕಿರಣ್ ಕೆಟ್ಟವನಲ್ಲ. ಅವನಿಗೆ ಜಗಳವೆಂದರೆ ಹೊಟ್ಟೆನೋವು ಬರುತ್ತದೆ, ಅಷ್ಟೇ. ಮೈಸೂರಿನ ಅವರ ಮನೆಯಲ್ಲಿ ಮಾತು ಜೋರಾದರೆ ಕಿಟಕಿ ಹಾಕುತ್ತಿದ್ದರಂತೆ. ಸಿದ್ದೇಶ್ವರಿಯ ಮನೆಯಲ್ಲಿ ಕಿಟಕಿ ತೆರೆಯುತ್ತಿದ್ದರು, ಓಣಿಯವರೂ ಕೇಳಲಿ ಎಂದು.

ಭಾಷಣಕ್ಕೆ ಮೊದಲು ಅವಳು ಮಿಲ್ಕೊವನನ್ನು ಮೊಗಸಾಲೆಯಲ್ಲಿ ಹಿಡಿದಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕೋಟು ಬೆಲೆಬಾಳುವುದಾಗಿತ್ತು. "ಸಿದಿ! ನನ್ನ ಅತ್ಯುತ್ತಮ ವಿದ್ಯಾರ್ಥಿನಿ!" ಎಂದು ತಬ್ಬಿಕೊಂಡು, ಜೊತೆಗಿದ್ದ ಸಹಾಯಕನಿಗೂ ಪರಿಚಯಿಸಿದ. ಅವಳು ಕುಶಲ ಕೇಳಲಿಲ್ಲ. "ಸರ್, ಪ್ರೊಫೆಸರ್ ಕೋಲ್ಮನ್ ಒಳಗಿದ್ದಾರೆ. ಲೆಮ್ಮಾ ಮೂರು ನಿಮ್ಮದೆಂದು ಅವರಿಗೆ ಹೇಳಿ. ಇಷ್ಟೇ" ಎಂದಳು.

ಅವನ ನಗು ಮುಖದ ಮೇಲೆಯೇ ಇತ್ತು, ಕಣ್ಣಿನಿಂದ ಮಾತ್ರ ಹೊರಟುಹೋಯಿತು. ಸಹಾಯಕನನ್ನು ದೂರ ಕಳಿಸಿ ದನಿ ತಗ್ಗಿಸಿದ. "ನನಗೆ ನೆನಪಿದೆ. ನೆನಪಿಲ್ಲ ಅನ್ನುವುದಿಲ್ಲ. ಆದರೆ ವಸಂತದಲ್ಲಿ ಪಕ್ಷದ ಒಳಗೇ ಚುನಾವಣೆಯಿದೆ. ಒಳಗೆ ನಮ್ಮ ಪತ್ರಿಕೆಯವರು ಕುಳಿತಿದ್ದಾರೆ. ನನ್ನ ಜನರಿಗೆ ನನ್ನಲ್ಲಿರುವುದು ಅದೊಂದೇ ನಂಬಿಕೆ: ಈ ಮನುಷ್ಯ ತಪ್ಪು ಹೆಜ್ಜೆ ಇಡುವುದಿಲ್ಲ ಎಂದು. ಒಂದು ತಪ್ಪನ್ನು ಒಪ್ಪಿಕೊಂಡರೆ ಉಳಿದದ್ದನ್ನೂ ತಪ್ಪೆನ್ನುತ್ತಾರೆ. ವಸಂತ ಕಳೆಯಲಿ. ನಿನಗೆ ರಾಜಕೀಯ ಗೊತ್ತಿಲ್ಲ ಸಿದಿ."

"ಈ ಕೆಲಸ ವಸಂತದವರೆಗೆ ಇರುವುದಿಲ್ಲ ಸರ್."

"ಒಂದು ದೇಶದ ಮುಂದೆ ಒಂದು ಲೆಮ್ಮಾ ಎಷ್ಟರದು?" ಎಂದು ಅವಳ ಕೆನ್ನೆ ತಟ್ಟಿ ಒಳಗೆ ನಡೆದಿದ್ದ. ಆ ತಟ್ಟಿದ ಜಾಗ ಇನ್ನೂ ಚುರುಗುಟ್ಟುತ್ತಿತ್ತು. ಏಟು ಕೊಟ್ಟಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಅವನು ಚೆನ್ನಾಗಿಯೇ ಮಾತಾಡುತ್ತಿದ್ದ. ಸಿಟ್ಟಿದೆಯೆಂದು ಸುಳ್ಳು ಹೇಳಬಾರದು. ಹಲಗೆಯ ಮೇಲೆ ವೃತ್ತಗಳನ್ನು ಎಳೆದು ಇದು ಸರ್ಕಾರ, ಇದು ಪಾರ್ಲಿಮೆಂಟು, ಇದು ಚಳಿಯಲ್ಲಿ ಬ್ರೆಡ್ಡಿಗೆ ಸಾಲು ನಿಂತ ಮುದುಕಿ ಎಂದು ತೋರಿಸುತ್ತ, ನಗಿಸುತ್ತ, ಹಿಂದಿನ ಸಾಲಿನ ಇಬ್ಬರು ಹೆಂಗಸರು ಕಣ್ಣೊರೆಸಿಕೊಳ್ಳುವಂತೆಯೂ ಮಾಡಿದ. ಹಾಗೇ ಮುಂದುವರಿದು ಅವನು ಗುರುವಾರದ ಸೆಮಿನಾರಿನ ಮಾತಿಗೆ ಬಂದ.

"ನಾರ್ತ್ ಕೆರೊಲಿನಾದಲ್ಲಿ ನನ್ನದೊಂದು ಸಣ್ಣ ಕೊಠಡಿಯಿತ್ತು" ಎಂದ. "ಅಲ್ಲಿ ಒಂದೇ ಕಾನೂನು. ಅತಿ ಚಿಕ್ಕವರು ಕೂಡ ಎದ್ದು ‘ಸ್ಟಾಪ್’ ಎನ್ನಬಹುದಿತ್ತು. ಆಗ ನಾನು, ಪ್ರೊಫೆಸರ್ ಮಿಲ್ಕೊವ್, ಸೀಮೆಸುಣ್ಣ ಕೆಳಗಿಡಬೇಕಿತ್ತು. ಪ್ರಜಾಪ್ರಭುತ್ವ ಅಂದರೆ ಇದೇ, ಬೇರೇನೂ ಅಲ್ಲ. ನನ್ನ ದೇಶದಲ್ಲಿ ನಲವತ್ತು ವರ್ಷ ಯಾರಿಗೂ ‘ಸ್ಟಾಪ್’ ಎನ್ನಲು ಬಿಡಲಿಲ್ಲ. ಯಾರೇ ಅನ್ನಲಿ, ಎಲ್ಲೇ ಅನ್ನಲಿ, ಅಧಿಕಾರದಲ್ಲಿರುವವನು ನಿಲ್ಲಬೇಕು."

"ಸ್ಟಾಪ್."

ಆ ದನಿ ತನ್ನದೆಂದು ಸಿದ್ದೇಶ್ವರಿಗೆ ಗೊತ್ತಾಗುವ ಹೊತ್ತಿಗೆ ಅವಳು ಎದ್ದು ನಿಂತಾಗಿತ್ತು. ರವಿಕಿರಣ್ ಅವಳ ಕೋಟಿನ ತುದಿ ಹಿಡಿದವನು, ಒಂದು ಕ್ಷಣ ತಡೆದು, ಬಿಟ್ಟ.

ಮಿಲ್ಕೊವನ ಕೈ ಅವನ ಅಪ್ಪಣೆಗೆ ಕಾಯಲಿಲ್ಲ. ಮಾತು ಬಾಯಲ್ಲಿರುವಾಗಲೇ ಅದು ತಾನಾಗಿ ಕೆಳಗಿಳಿದು ಸೀಮೆಸುಣ್ಣವನ್ನು ಹಲಗೆಯ ಕೆಳಗಿನ ಮರದ ಪಟ್ಟಿಯ ಮೇಲೆ ಇಟ್ಟುಬಿಟ್ಟಿತು. ಆಮೇಲೆ ಅವನು ಅವಳನ್ನು ನೋಡಿ ನಕ್ಕ, ಎರಡೂ ತೋಳು ಚಾಚಿದ. "ನೋಡಿ! ನನ್ನ ವಿದ್ಯಾರ್ಥಿನಿ. ನಾನು ಹೇಳಿಕೊಡದೆಯೇ ಉದಾಹರಣೆ ತೋರಿಸುತ್ತಿದ್ದಾಳೆ."

ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿಯುವವರೆಗೆ ಅವಳು ಕಾದಳು.

"ಸಾವಿರದ ಒಂಬೈನೂರ ತೊಂಬತ್ತರ ಏಪ್ರಿಲ್, ಕೊನೆಯ ಗುರುವಾರ. ಲೆಮ್ಮಾ ಮೂರು, ನಾಲ್ಕನೆಯ ಸಾಲು. ನಾನು ಆವತ್ತು ಸ್ಟಾಪ್ ಅನ್ನಬೇಕಿತ್ತು, ಅನ್ನಲಿಲ್ಲ. ಈಗ ಅನ್ನುತ್ತಿದ್ದೇನೆ. ಆ ಸಾಲು ಸುಳ್ಳು. ಅದನ್ನು ಬರೆದವರು ಯಾರು ಸರ್?"

ನಗು ಅಲ್ಲಲ್ಲಿ ಉಳಿದಿತ್ತು, ನಿಧಾನವಾಗಿ ಆರಿತು. ಪತ್ರಿಕೆಯವನೊಬ್ಬ ಪಕ್ಕದವನ ಕಿವಿಯಲ್ಲಿ ಏನೋ ಕೇಳಿದ. ಮಿಲ್ಕೊವ್ ಬಾಗಿಲ ಬಳಿ ನಿಂತ ಸಹಾಯಕನ ಕಡೆ ನೋಡಿದ.

"ಅದು ಸೆಮಿನಾರಿನ ಕೆಲಸ" ಎಂದ ಮೃದುವಾಗಿ. "ನಾವೆಲ್ಲ ಕೂಡಿ ಯೋಚಿಸುತ್ತಿದ್ದ ಕಾಲ ಅದು. ನಾವು ಎಷ್ಟೋ ಸಾಲು ಬರೆದೆವು, ಎಷ್ಟೋ ಅಳಿಸಿದೆವು. ಈಗ ನಾನು ಹೇಳುತ್ತಿದ್ದದ್ದು..." ಎನ್ನುತ್ತ ಸೀಮೆಸುಣ್ಣಕ್ಕೆ ಕೈಚಾಚಿದ.

"ಸ್ಟಾಪ್" ಎಂದಳು ಸಿದ್ದೇಶ್ವರಿ. "‘ನಾವು’ ಅಂದರೆ ಉತ್ತರ ಅಲ್ಲ. ಅಟ್ಲಾಂಟಾದಲ್ಲಿ ಕೆಲಸ ಕಳೆದುಕೊಂಡದ್ದು ‘ನಾವು’ ಅಲ್ಲ, ನಾನು. ಯಾರು ಬರೆದರು?"

ಚಾಚಿದ ಕೈ ನಡುದಾರಿಯಲ್ಲಿ ನಿಂತಿತು. ಸಭೆಗೆ ಏನೂ ಅರ್ಥವಾಗಿರಲಿಲ್ಲ. ಯಾರೋ ಭಾರತದ ಹೆಂಗಸು ಯಾವುದೋ ಹಳೆಯ ಲೆಕ್ಕಕ್ಕೆ ಜಗಳ ತೆಗೆದಿದ್ದಾಳೆ, ಅಷ್ಟೇ. ಅವಳ ಕಣ್ಣು ಆ ಕೈಯ ಮೇಲೆಯೇ ಇತ್ತು. ಮೊದಲ ಸಾಲಿನ ತುದಿಯಲ್ಲಿ ಕೋಲ್ಮನ್ ಕೂಡ ಅದನ್ನೇ ನೋಡುತ್ತಿದ್ದರು.

ಅವನು ಕೈ ಹಿಂದಕ್ಕೆ ತೆಗೆದುಕೊಂಡ.

"ಭಾಷಣದ ನಂತರ ಚಹಾದ ವ್ಯವಸ್ಥೆಯಿದೆ" ಎಂದ ಸಹಾಯಕ ಎಲ್ಲರಿಗೂ ಕೇಳುವಂತೆ. "ಖಾಸಗಿ ಪ್ರಶ್ನೆಗಳನ್ನು ಅಲ್ಲಿ ಕೇಳಬಹುದು." ಮಿಲ್ಕೊವ್ ತಲೆಯಾಡಿಸಿದ, ಒಂದು ಲೋಟ ನೀರು ಕುಡಿದ, ಭಾಷಣ ಮುಂದುವರಿಸಿದ. ಸಿದ್ದೇಶ್ವರಿ ಕೂರಲಿಲ್ಲ. ಹಿಂದಿನವರು "ಕುಳಿತುಕೊಳ್ಳಮ್ಮ" ಎಂದು ಗೊಣಗಿದರು. ಅವಳು ಕೂರಲಿಲ್ಲ.

ಅವನು ಬಾಯಿಮಾತಿನಲ್ಲೇ ಮುಂದುವರಿಸಿದ. ಆದರೆ ಕರಿಹಲಗೆಯ ಮನುಷ್ಯ ಅವನು. ಕೈಗೆ ಕೆಲಸವಿಲ್ಲದೆ ಅವನ ಮಾತು ಕುಂಟಿತು. ಇನ್ನೊಂದು ವೃತ್ತ ಎಳೆಯುವ ಜಾಗ ಬಂದಾಗ ಹಲಗೆಯತ್ತ ತಿರುಗಿದ. ಬೆರಳುಗಳು ಮರದ ಪಟ್ಟಿಯ ಹತ್ತಿರ ಹೋದವು, ಬಿಸಿ ಬಾಣಲೆ ಮುಟ್ಟಿದಂತೆ ಹಿಂದೆ ಬಂದವು. ಗಾಳಿಯಲ್ಲೇ ಒಂದು ವೃತ್ತ ಎಳೆದು ತೋರಿಸಿದ. ಇನ್ನೊಮ್ಮೆ ತಿರುಗಿದ, ಇನ್ನೊಮ್ಮೆ ಕೈ ಹಿಂತೆಗೆದ. ಹೇಳಬೇಕಾದದ್ದನ್ನು ಹೇಳುವ ಧೈರ್ಯ ಅವನಲ್ಲಿರಲಿಲ್ಲ. ಸೀಮೆಸುಣ್ಣ ಎತ್ತಿಕೊಳ್ಳುವ ಧೈರ್ಯವೂ ಇರಲಿಲ್ಲ. ಅವಳಿಗೆ ಮರುಕ ಬರಬಹುದಿತ್ತು. ಬರಲಿಲ್ಲ. ಇಷ್ಟು ವರ್ಷ ತನ್ನ ಬಗ್ಗೆ ಯಾರಿಗೂ ಬಾರದ ಮರುಕವನ್ನು ಅವನಿಗೇಕೆ ಕೊಡಬೇಕು ಎಂದುಕೊಂಡು, ಹಲ್ಲು ಕಚ್ಚಿ ನಿಂತೇ ಇದ್ದಳು.

ಭಾಷಣ ಬೇಗ ಮುಗಿಯಿತು. ಚಪ್ಪಾಳೆಯೂ ಬಿತ್ತು. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆನ್ನುವಂತೆ ಅವನು ಎಲ್ಲರಿಗೂ ಕೈಬೀಸಿ, ಕೋಟಿನ ಗುಂಡಿ ಹಾಕಿಕೊಂಡು, ಪಕ್ಕದ ಬಾಗಿಲಿನಿಂದ ಹೊರಟ. ಹೊಸ್ತಿಲಲ್ಲಿ ಒಮ್ಮೆ ತಿರುಗಿ ನೋಡಿದ. ಅವಳತ್ತ ಅಲ್ಲ, ಮರದ ಪಟ್ಟಿಯತ್ತ. ಸಹಾಯಕ ಅವನ ಬೆನ್ನ ಮೇಲೆ ಕೈಯಿಟ್ಟು ಕರೆದುಕೊಂಡು ಹೋದ.

ಜನ ಚಹಾದತ್ತ ಇಳಿದುಹೋದರು. ಸಿದ್ದೇಶ್ವರಿಯ ಸಿಟ್ಟು ಈಗ ಅವಳ ಮೇಲೆಯೇ ತಿರುಗಿತು. "ಹೇಳಲಿಲ್ಲ ನೋಡ್ರಿ" ಎಂದಳು ಗಂಡನಿಗೆ. "ಒಂದ ಮಾತು. ಅಷ್ಟೂ ಆಗಲಿಲ್ಲ ಅವನ ಕೈಲೆ. ಮಂದಿ ಮುಂದ ಹುಚ್ಚಿ ಆಗಿದ್ದು ನಾನ."

ರವಿಕಿರಣ್ ಏನೋ ಹೇಳಲು ಬಾಯಿ ತೆರೆದ. ಅವನ ತುಟಿಯ ಮೇಲೆ ಯಾವ ಮಾತಿದೆಯೆಂದು ಅವಳಿಗೆ ಗೊತ್ತಿತ್ತು. ಅವನು ಅದನ್ನು ನುಂಗಿಕೊಂಡ.

ಕೋಲ್ಮನ್ ತಮ್ಮ ಕೋಟನ್ನು ಬೆಂಚಿನ ಮೇಲಿಟ್ಟು ಹಲಗೆಯ ಬಳಿ ಹೋಗಿದ್ದರು. ಕನ್ನಡಕ ಏರಿಸಿ ಮರದ ಪಟ್ಟಿಯನ್ನು ನೋಡಿದರು. ಅಲ್ಲಿ ಬಿದ್ದಿದ್ದ ಸೀಮೆಸುಣ್ಣವನ್ನು ಎತ್ತಿಕೊಂಡು ಮೂರನೆಯ ಸಾಲಿಗೆ ಏರಿ ಬಂದರು. ವಯಸ್ಸಾದವರು, ಮೆಟ್ಟಿಲು ಹತ್ತುವಾಗ ಬೆಂಚುಗಳನ್ನು ಹಿಡಿದುಕೊಂಡು ಬಂದರು.

"ನಾಲ್ಕು ವರ್ಷ ಆ ಕೊಠಡಿಯಲ್ಲಿ ಕುಳಿತಿದ್ದೇನೆ" ಎಂದರು. "ಉತ್ತರವಿಲ್ಲದಾಗ ಅವನು ಹೀಗೆ ಸೀಮೆಸುಣ್ಣ ಬಿಟ್ಟು ಹೋದದ್ದನ್ನು ಎಷ್ಟು ಸಲ ನೋಡಿದ್ದೇನೋ." ಸೀಮೆಸುಣ್ಣವನ್ನು ಅವಳ ಕೈಗಿಟ್ಟರು. "ನಾನು ಸೋಮವಾರ ಕಮಿಟಿಗೆ ಏನು ಹೇಳಬೇಕೋ ಅದು ನನ್ನ ಕೆಲಸ. ಈಗ ಆ ವಕ್ರರೇಖೆ ತೋರಿಸು. ನನಗೂ ಒಪ್ಪಿಗೆಯಾಗಬೇಕು. ಆಗದಿದ್ದರೆ ಸ್ಟಾಪ್ ಅನ್ನುತ್ತೇನೆ."

ಸಿದ್ದೇಶ್ವರಿ ಗಂಡನ ಮುಖ ನೋಡಿದಳು.

"ಪಾರ್ಕಿಂಗ್ ಮೀಟರ್‌ಗೆ ಕಾಯಿನ್ ಹಾಕಿ ಬರ್ತೀನಿ, ಇಲ್ದಿದ್ರೆ ಟಿಕೆಟ್ ಕೊಡ್ತಾರೆ" ಎಂದ ರವಿಕಿರಣ್ ಜೇಬು ತಡಕುತ್ತ. "ನೀನು ಸ್ಟಾರ್ಟ್ ಮಾಡು. ಅರ್ಜೆಂಟ್ ಮಾಡ್ಬೇಡ."

ಅವಳು ಮೆಟ್ಟಿಲಿಳಿದು ಹಲಗೆಯ ಮುಂದೆ ನಿಂತಳು. ಒರೆಸುವ ಬಟ್ಟೆಗಾಗಿ ಅತ್ತಿತ್ತ ನೋಡಿದಳು, ಸಿಗಲಿಲ್ಲ. ಬರಿಗೈಯಿಂದಲೇ ಒರೆಸತೊಡಗಿದಳು. ಸರ್ಕಾರ ಹೋಯಿತು, ಪಾರ್ಲಿಮೆಂಟು ಹೋಯಿತು, ಬ್ರೆಡ್ಡಿಗೆ ನಿಂತ ಮುದುಕಿಯೂ ಹೋದಳು. ಎಡಮೂಲೆಗೆ ಬಂದಾಗ ಕೈ ತಡೆಯಿತು. ಶ್ರೀಯನ್ನು ಬರಿಗೈಯಿಂದ ಅಳಿಸಿದರೆ ದಾನಪ್ಪ ಮಾಸ್ತರರು ಬೆರಳ ಗಿಣ್ಣಿಗೆ ಹೊಡೆಯುತ್ತಿದ್ದರು. ಅವಳು ಆ ಸೊಟ್ಟ ಅಕ್ಷರವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಂಗೈ ಒತ್ತಿ ಅದನ್ನೂ ಒರೆಸಿ ತೆಗೆದಳು.

ಹಲಗೆ ಖಾಲಿಯಾಯಿತು. ಹಿಂದೆ ಬೆಂಚು ಕಿರುಗುಟ್ಟಿತು, ಕೋಲ್ಮನ್ ಕುಳಿತಿರಬೇಕು. ಸಿದ್ದೇಶ್ವರಿ ಸೀಮೆಸುಣ್ಣದ ಮೊಂಡಾದ ತುದಿಯನ್ನು ಉಗುರಿನಿಂದ ಕೆರೆದು ಚೂಪು ಮಾಡಿಕೊಂಡಳು. ತುದಿಗಾಲ ಮೇಲೆ ನಿಂತು, ಅದೇ ಮೂಲೆಯಲ್ಲಿ, ಒತ್ತಿ, ದುಂಡಗೆ, ಶ್ರೀ ಎಂದು ಬರೆದಳು.